ಬಾಣಂತಿ ಕೊಳವೆ

ನಮ್ಮೂರಿನಲ್ಲಿ ಹೆಣ್ಣು ಕೊಡುವಾಗ ಜಾತಕ ನೋಡುವ ಮೊದಲು ಹಗ್ಗ ಹಿಡಿದು ದೂರ ಅಳೆಯುತ್ತಾರೆ. ಹುಡುಗಿಯ ತವರಿನ ಒಲೆಯಿಂದ ಹುಡುಗನ ಮನೆಯ ಗೋಡೆಗೆ ಐವತ್ತು ಮಾರಿಗಿಂತ ಹೆಚ್ಚಾದರೆ ಆ ಸಂಬಂಧವನ್ನು ಅಲ್ಲಿಗೇ ಬಿಟ್ಟಂತೆ. ಹುಡುಗ ಅಪರಂಜಿಯಂಥವನಿರಲಿ, ಕೊಟ್ಟಿಗೆಯಲ್ಲಿ ಹತ್ತು ಎಮ್ಮೆ ಇರಲಿ, ಕೊಳವೆ ಮುಟ್ಟದ ಮನೆಗೆ ಯಾರೂ ಮಗಳನ್ನು ಕೊಡುವುದಿಲ್ಲ. ನನ್ನ ಮಗಳು ಕನಕಾಂಬೆಯ ಸಂಬಂಧ ಬಂದಾಗ ಅಳೆದರೆ ನಲವತ್ತೊಂದು ಮಾರು ಬಂತು. ಸದ್ಯ, ಹತ್ತಿರವೇ ಸಿಕ್ಕಿತು ಎಂದು ನಾನು ಹಿಗ್ಗಿದ್ದೆ.

ಊರು ಇರುವುದು ಇಳಿಜಾರಿನಲ್ಲಿ. ನಡುವೆ ಕಲ್ಲು ಹಾಸಿದ ಒಂದು ಬೀದಿ ಅಡ್ಡಲಾಗಿ ಹೋಗುತ್ತದೆ, ಅದನ್ನು ಗೆರೆಬೀದಿ ಎನ್ನುತ್ತೇವೆ. ಅದರ ಮೇಲಿನ ಕೇರಿಗಳಲ್ಲಿ ಬೆಂಕಿ ಹತ್ತುವುದಿಲ್ಲ. ಕಡ್ಡಿ ಗೀರಿದರೆ ಕಡ್ಡಿಯ ತಲೆ ಕಪ್ಪಾಗುತ್ತದೆ, ಅಷ್ಟೆ. ಕೆಳಗಿನವರು ಬೀದಿ ದಾಟಿ ಮೇಲೆ ಒಂದು ಹೆಜ್ಜೆ ಇಟ್ಟರೂ ಮುಗಿಯಿತು, ಆಮೇಲೆ ಬದುಕಿರುವ ತನಕ ಅವರ ಹತ್ತಿರ ಬೆಂಕಿ ನಿಲ್ಲುವುದಿಲ್ಲ. ಅವರು ಕೆಳಗಿಳಿದು ಬಂದು ಯಾರದಾದರೂ ಹೊಸಿಲು ತುಳಿದರೆ ಆ ಮನೆಯ ಒಲೆಯೂ ಆರುತ್ತದೆ, ದೇವರ ಮುಂದಿನ ದೀಪವೂ ಆರುತ್ತದೆ. ಅವರನ್ನು ಮುಟ್ಟಿದವರಿಗೂ ಅದೇ ಗತಿ. ಆದ್ದರಿಂದ ಮೇಲೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುವಂತಿಲ್ಲ. ಬೀದಿಯ ಆ ಅಂಚಿನಲ್ಲಿ ಅವರು, ಈ ಅಂಚಿನಲ್ಲಿ ನಾವು ನಿಂತು ಮಾತಾಡುತ್ತೇವೆ. ಇಷ್ಟಾದರೂ ಯಾಕೆ ಕೊಡುತ್ತೀರಿ ಎಂದರೆ, ಮೇಲಿನವರ ಹತ್ತಿರ ಹೊಲವಿದೆ, ಚಿಲುಮೆಯಿದೆ. ನಮ್ಮ ಹತ್ತಿರ ಬೆಂಕಿಯಿದೆ. ಒಬ್ಬರನ್ನು ಬಿಟ್ಟು ಒಬ್ಬರು ಬಾಳುವ ಹಾಗಿಲ್ಲ.

ಮದುವೆಯಲ್ಲಿ ತವರಿನವರು ಮಗಳಿಗೆ ಕೊಡುವುದು ಒಂದು ತಾಮ್ರದ ಕೊಳವೆ. ಅದರ ಒಂದು ತುದಿ ತವರಿನ ಒಲೆಯ ಹಿಂಗೋಡೆಯಲ್ಲಿ, ಇನ್ನೊಂದು ತುದಿ ಮಗಳ ಅಡಿಗೆಮನೆಯಲ್ಲಿ. ಒಳಗೆ ಒಂದು ಪಾವು ನೀರು ಬಿಟ್ಟರೆ ಏನೇನೂ ಇರುವುದಿಲ್ಲ, ಗಾಳಿ ಕೂಡ. ಗಾಳಿಯಿಲ್ಲದ ಕಡೆ ನೀರಿಗೆ ಕುದಿಯಲು ಒಂದು ನೆಪ ಸಾಕು. ಕೆಳಗೆ ಒಲೆ ಹಚ್ಚಿದ ಕೂಡಲೇ ಅದು ಹಬೆಯಾಗಿ ಮೇಲಕ್ಕೆ ಓಡುತ್ತದೆ. ಮೇಲಿನ ತಣ್ಣನೆಯ ತುದಿ ತಗುಲಿದ ಗಳಿಗೆಯೇ ತಂದ ಕಾವನ್ನೆಲ್ಲ ಅಲ್ಲಿ ಕೊಟ್ಟು ಮತ್ತೆ ನೀರಾಗುತ್ತದೆ, ಕೊಳವೆಯ ಒಳಗೋಡೆ ಹಿಡಿದು ಇಳಿದು ಒಲೆಗೆ ವಾಪಸು ಬರುತ್ತದೆ. ಗಟ್ಟಿ ತಾಮ್ರದ ಸರಳನ್ನಿಟ್ಟರೆ ಒಂದು ಮಾರು ಹೋಗುವಷ್ಟರಲ್ಲಿ ಕಾವು ಸೋತುಹೋಗುತ್ತದೆ. ಈ ಟೊಳ್ಳು ಕೊಳವೆ ಅದನ್ನು ನಲವತ್ತು ಮಾರು ಒಯ್ದು ಬಿಸಿಬಿಸಿಯಾಗಿಯೇ ಮುಟ್ಟಿಸುತ್ತದೆ. ದೂಡುವವರು ಬೇಡ, ತಿರುಗಿಸುವವರು ಬೇಡ. ಮೇಲಿನವರು ಅದರಲ್ಲೇ ಅನ್ನ ಮಾಡುತ್ತಾರೆ, ಹಂಡೆಯ ನೀರು ಕಾಯಿಸುತ್ತಾರೆ, ಶಾಲೆಯ ಮಕ್ಕಳ ಮಣೆ ಬೆಚ್ಚಗಿಡುತ್ತಾರೆ, ಕೋಳಿಮೊಟ್ಟೆ ಮರಿ ಮಾಡಿಸುತ್ತಾರೆ. ಹಸಿ ರಾಗಿ ತುಂಬಿದ ಕಣಜ ಒಳಗೊಳಗೇ ಕಾದು ಮುಗ್ಗಲಾಗುತ್ತದಲ್ಲ, ಅಂಥ ಕಡೆ ಕೆಳಗಿನವರು ಕೊಳವೆ ನೆಟ್ಟು ಕಾವನ್ನು ಹೊರಗಿನ ಗಾಳಿಗೆ ಬಿಡುತ್ತಾರೆ. ಎಣ್ಣೆಗಾಣದ ಗುಂಡಿಯಲ್ಲೂ ಒಂದು ಇರುತ್ತದೆ.

ಆದರೆ ನೆನಪಿಡಿ, ಕಾವು ಮೇಲಕ್ಕೆ ಹೋಗುತ್ತದೆ, ಕೆಳಕ್ಕೆ ಬರುವುದಿಲ್ಲ. ಇಳಿದು ಬರುವುದು ಬರೀ ನೀರು. ಒಳಗೋಡೆಗೆ ಬಟ್ಟೆಯ ಬತ್ತಿ ಅಂಟಿಸಿದರೆ, ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ, ಅದು ನೀರನ್ನು ಮೇಲಕ್ಕೂ ಎಳೆದುಕೊಳ್ಳುತ್ತದೆ, ಆಗ ಕಾವನ್ನು ಕೆಳಕ್ಕೂ ಕಳಿಸಬಹುದು. ಆದರೆ ಆ ಆಟ ಒಂದು ಮೊಳದ ತನಕ ಮಾತ್ರ. ನಲವತ್ತೊಂದು ಮಾರಿಗೆ ಯಾವ ಬತ್ತಿಯೂ ಇಲ್ಲ. ಹೀಗಾಗಿ ಮೇಲಿನ ಮಗಳಿಗೆ ತವರಿನ ಸುದ್ದಿಯೆಲ್ಲ ಗೊತ್ತು. ಬೆಳಿಗ್ಗೆ ಕೊಳವೆ ಮುಟ್ಟಿದರೆ ಅಮ್ಮ ಎದ್ದಳೋ ಇಲ್ಲವೋ, ಇವತ್ತು ಹೋಳಿಗೆಯೋ ಗಂಜಿಯೋ, ಎಲ್ಲ ತಿಳಿಯುತ್ತದೆ. ಕೆಳಗಿನ ತಾಯಿಗೆ ಏನೂ ತಿಳಿಯುವುದಿಲ್ಲ. ಅವಳು ಸೌದೆ ಒಟ್ಟುತ್ತಾಳೆ, ಅಷ್ಟೆ.

ನಮ್ಮದು ಕೊಳವೆ ಮಾಡುವ ಮನೆ. ನಮ್ಮನೆಯವರು ಬೊಮ್ಮಣ್ಣ ತಾಮ್ರ ಬಡಿದು, ಸುತ್ತಿ, ಬೆಸೆಯುತ್ತಿದ್ದರು. ಕೊಳವೆಯ ಬಾಯಿ ಮುಚ್ಚುವುದು ನನ್ನ ಕೆಲಸ. ಅದಕ್ಕೇ ಊರವರು ನನ್ನನ್ನು ಬಾಯ್ಮುಚ್ಚೋ ಹೊನ್ನಮ್ಮ ಎಂದು ಕರೆಯುತ್ತಿದ್ದರು, ಕೊಳವೆಗಳದ್ದು ಮುಚ್ಚುತ್ತಾಳೆ, ತನ್ನದು ಮುಚ್ಚುವುದಿಲ್ಲ ಎಂದು ಹಿಂದಿನಿಂದ ನಗುತ್ತಿದ್ದರು. ನಗಲಿ ಬಿಡಿ. ಮನೆಯಲ್ಲಿ ಇಬ್ಬರ ಪಾಲಿನ ಮಾತನ್ನೂ ನಾನೊಬ್ಬಳೇ ಆಡಬೇಕಾಗಿತ್ತು. ಮೌನ ಬಂಗಾರ ಎನ್ನುತ್ತಾರಲ್ಲ, ಹಾಗಾದರೆ ನಮ್ಮನೆಯವರು ಚಿನ್ನದ ಗಣಿ. ಮದುವೆಯಾದ ಮೊದಲ ವರ್ಷ, ಇವರಿಗೆ ಮಾತು ಬರುತ್ತದೆಯೇ ಎಂದು ಅತ್ತೆಯನ್ನು ಕೇಳಿದ್ದೆ.

ಬಾಯಿ ಮುಚ್ಚುವುದು ಹೀಗೆ. ಕೊಳವೆಯನ್ನು ಬೀದಿಯುದ್ದಕ್ಕೂ ಮಲಗಿಸಿ, ಒಂದು ತುದಿಗೆ ಬೆಂಕಿ ಇಡಬೇಕು. ನೀರು ಕುದಿದು ಹಬೆ ನುಗ್ಗಿ, ಒಳಗಿನ ಗಾಳಿಯನ್ನೆಲ್ಲ ಇನ್ನೊಂದು ತುದಿಯ ಸಣ್ಣ ಬಾಯಿಯಿಂದ ಹೊರಗೆ ದಬ್ಬುತ್ತದೆ. ಮೊದಲು ಉಸ್ ಎಂದು ಒರಟಾಗಿ ಬರುತ್ತದೆ, ಅದು ಗಾಳಿ ಸೇರಿದ ಸದ್ದು. ಆಮೇಲೆ ರೇಷ್ಮೆ ಹರಿದ ಹಾಗೆ ನುಣ್ಣಗೆ ಬರುತ್ತದೆ, ಅದು ಬರೀ ಹಬೆ. ಆ ಸದ್ದು ಬಂದ ಗಳಿಗೆಗೆ ಇಕ್ಕಳದಿಂದ ಬಾಯಿ ಹಿಸುಕಿ, ಅರಗು ಹಾಕಿ ಬಿಗಿಯಬೇಕು. ಮುಂಚೆ ಹಿಸುಕಿದರೆ ಗಾಳಿ ಉಳಿಯುತ್ತದೆ, ತಡವಾದರೆ ನೀರು ಕಳೆಯುತ್ತದೆ. ಚೂರು ಗಾಳಿ ಉಳಿದರೂ ಕೊಳವೆ ಕೆಟ್ಟ ಹಾಗೆ. ಹಬೆ ಅದನ್ನು ಮೇಲಿನ ತುದಿಗೆ ಒತ್ತಿ ಕೂರಿಸುತ್ತದೆ, ಅದು ಕೂತ ಕಡೆ ಹಬೆ ಹೋಗುವುದಿಲ್ಲ, ಕಾವು ಮುಟ್ಟುವುದಿಲ್ಲ. ಕೆಲಸ ಕಲಿಯಲು ಬಂದ ಎಷ್ಟೋ ಹೆಣ್ಣುಮಕ್ಕಳಿಗೆ ಇದನ್ನು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಮೂವತ್ತು ವರ್ಷದಲ್ಲಿ ನಾನು ಮುಚ್ಚಿದ ಒಂದು ಕೊಳವೆಯೂ ಗಾಳಿ ಇಟ್ಟುಕೊಂಡಿದ್ದಿಲ್ಲ.

ಕನಕಿಗೆ ಮದುವೆಯಾಗಿ ಆರು ವರ್ಷಕ್ಕೆ ಬಸಿರು ನಿಂತಿತು. ಏಳು ತಿಂಗಳಲ್ಲಿ ಕೊನೆಯ ಸಲ ಗೆರೆಬೀದಿಗೆ ಇಳಿದು ಬಂದಳು. ಬೀದಿಯ ಆ ಕಡೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು, ಮುಖ ಊದಿತ್ತು.

“ಅವ್ವಾ, ಇನ್ಮೇಲೆ ಇಳಿಯೋಕಾಗಲ್ಲ. ಹೆರಿಗೆ ಆಗಿ ಮೂರು ತಿಂಗಳು ತುಂಬೋ ತನಕ ಬರಲ್ಲ,” ಎಂದಳು.

“ಬರಬೇಡ ತಾಯಿ. ಚಳೀಲಿ ಮೆಟ್ಟಿಲಿಳೀಬೇಡ. ಬಾಣಂತಿ ಕೊಳವೆ ಕಳಿಸ್ತೀನಿ, ಬೆಚ್ಚಗಿರು.”

“ನೀನೇ ಮುಚ್ತೀಯಾ?”

“ಮತ್ತಿನ್ಯಾರು ಮುಚ್ತಾರೆ? ಗೆರೆ ತುಂಬ ನಿಂತಿದಾರಾ ನನ್ನಂಥೋರು?”

ಅವಳು ನಕ್ಕಳು. ನಗುವಾಗ ಕಣ್ಣಲ್ಲಿ ನೀರಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು ಎಂದು ಬೇರೆ ಊರುಗಳಲ್ಲಿ ರೂಢಿಯಂತೆ. ಮಗಳಿಗೆ ಎಣ್ಣೆ ತಿಕ್ಕಿ, ಹಂಡೆ ಹಂಡೆ ನೀರು ಹೊಯ್ದು, ಮಂಚದ ಕೆಳಗೆ ಕೆಂಡವಿಟ್ಟು ಬಾಣಂತನ ಮಾಡುತ್ತಾರಂತೆ. ನಮ್ಮಲ್ಲಿ ಅದೆಲ್ಲದರ ಬದಲಿಗೆ ಈ ಕೊಳವೆ. ಮದುವೆಯದಕ್ಕಿಂತ ಇದು ದಪ್ಪ. ಇದರ ತುದಿ ಬಾಣಂತಿಯ ಮಂಚದ ಕೆಳಗೆ ಹೋಗಿ ಕೂರುತ್ತದೆ. ಆರು ವರ್ಷದಿಂದ ನಾನು ನನ್ನ ಮಗಳ ಕೈಬೆರಳು ಕೂಡ ಮುಟ್ಟಿರಲಿಲ್ಲ. ಹೆರುವ ಹೊತ್ತಿನಲ್ಲಿ ಅವಳ ಹಣೆಯ ಬೆವರು ಒರೆಸುವವರು ಯಾರೋ ಎಂದು ಎಣಿಸುತ್ತಾ ಸೌದೆ ಒಟ್ಟುತ್ತಿದ್ದೆ, ಒಟ್ಟುತ್ತಾ ಅಳುತ್ತಿದ್ದೆ.

ನಮ್ಮನೆಯವರು ಆ ಕೊಳವೆಯನ್ನು ಇಪ್ಪತ್ತು ದಿನ ಬಡಿದರು. ಮುಚ್ಚುವ ದಿನ ಬೆಳಿಗ್ಗೆ ಬೀದಿಯಲ್ಲಿ ಮಲಗಿಸಿದೆವು. ಅವರು ಆ ತುದಿಯಲ್ಲಿ ಬೆಂಕಿಯ ಹತ್ತಿರ, ನಾನು ಈ ತುದಿಯಲ್ಲಿ ಇಕ್ಕಳ ಹಿಡಿದು ಕೂತೆ. ಗಾಳಿ ಹೋಯಿತು, ನುಣ್ಣನೆಯ ಸದ್ದು ಬಂತು. ಇಕ್ಕಳ ಎತ್ತಿದೆ. ಆಗ ನನಗೆ ಏನಾಯಿತೋ ಕಾಣೆ. ಕನಕಿ ಚಿಕ್ಕವಳಿದ್ದಾಗ ಇವರು ತಾಮ್ರ ಬಡಿಯುವ ಕಮ್ಮಟದಲ್ಲಿ ಆಡುತ್ತಾ ಬೆರಳು ಸುಟ್ಟುಕೊಂಡು ಓಡಿ ಬರುತ್ತಿದ್ದಳು, ನಾನು ಊದುತ್ತಿದ್ದೆ. ಊದಿದರೆ ಅವಳ ಅಳು ನಿಲ್ಲುತ್ತಿತ್ತು. ಇದೇ ತುದಿ ಅವಳ ಮಂಚದ ಕೆಳಗೆ ಹೋಗುತ್ತದೆ, ಒಂದೇ ಒಂದು ಉಸಿರು, ಸಾಸಿವೆಯಷ್ಟು, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. “ಬೆಂಕಿ ತೆಗೀರಿ,” ಎಂದು ಕೂಗಿ, ಬಾಯಿಗೆ ಬಾಯಿಟ್ಟೆ.

ನಾನು ಊದಲೇ ಇಲ್ಲ. ಬೆಂಕಿ ತೆಗೆದ ಕೂಡಲೇ ಹಬೆ ಒಳಗೆ ಕುಗ್ಗಿತಲ್ಲ, ಕೊಳವೆಯೇ ನನ್ನ ಉಸಿರನ್ನು ಎಳೆದುಕೊಂಡಿತು. ಸಾಸಿವೆಯಷ್ಟು ಕೊಡಲು ಹೋದವಳಿಂದ ಎದೆಯ ತುಂಬ ಇದ್ದದ್ದನ್ನು ಕಿತ್ತುಕೊಂಡಿತು. ತುಟಿ ತಾಮ್ರಕ್ಕೆ ಅಂಟಿ ಸುಟ್ಟಿತು. ಹೇಗೋ ಬಿಡಿಸಿಕೊಂಡು ಹಿಸುಕಿ ಅರಗು ಹಾಕಿದೆ. ಆಗಲೇ ಹೇಳಿ, ಮತ್ತೆ ಕಾಯಿಸಿ ತೆಗೆಯಬೇಕಾಗಿತ್ತು. ಅಷ್ಟರಲ್ಲಿ ಕೊಳವೆ ಹೊರುವ ಹದಿನಾಲ್ಕು ಜನ ಬಂದು ನಿಂತಿದ್ದರು, ಆ ಕಡೆ ಬೀಗರು ಎಳೆದುಕೊಳ್ಳಲು ಕಾದಿದ್ದರು, ಎಲ್ಲರ ಮುಂದೆ ಹೊನ್ನಮ್ಮ ತಪ್ಪು ಮಾಡಿದಳು ಎಂದು ಹೇಗೆ ಹೇಳಲಿ? ಇಷ್ಟು ಉದ್ದಕ್ಕೆ ಒಂದು ಉಸಿರು ಯಾವ ಲೆಕ್ಕ ಎಂದು ಮನಸ್ಸಿಗೆ ಸಮಾಧಾನ ಹೇಳಿದೆ. ಕೊಳವೆ ಮೆರವಣಿಗೆಯ ಹಾಗೆ ಮೇಲಕ್ಕೆ ಹೋಯಿತು. ಮನೆಗೆ ಬಂದ ಮೇಲೆ ಇವರು ನನ್ನ ತುಟಿ ನೋಡಿದರು, ಒಳಗೆ ಹೋಗಿ ಬೆಣ್ಣೆ ತಂದು ಕೊಟ್ಟರು.

ಹನ್ನೆರಡು ದಿನಕ್ಕೆ ಅಳಿಯ ದೇವೀರಪ್ಪ ಬೀದಿಯ ಅಂಚಿನಿಂದ ಕೂಗಿ ಸುದ್ದಿ ಹೇಳಿದ. ಹೆಣ್ಣು ಮಗು. ತಿಂಗಳು ತುಂಬುವ ಮೊದಲೇ ಹುಟ್ಟಿದೆ, ತೂಕ ಇಲ್ಲ, ಅಳುವುದಕ್ಕೂ ಶಕ್ತಿ ಇಲ್ಲ. ಕನಕಿಗೆ ಜ್ವರ. ಮಾರನೆಯ ದಿನ ಬೀಗತಿ ಶಾಂತವೀರಮ್ಮ ತಾನೇ ಬಂದಳು. ಸೆರಗು ಬಿಗಿದುಕೊಂಡು ನಿಂತಿದ್ದಳು.

“ಹೊನ್ನಮ್ಮನೋರೇ, ತವರುಮನೇಲಿ ಸೌದೆ ಉಳಿಸ್ತಿದೀರೋ ಹೆಂಗೆ?”

“ಯಾಕ್ರವ್ವಾ ಹಂಗಂತೀರಿ? ಹಗಲೂ ರಾತ್ರಿ ಒಲೆ ಉರೀತಿದೆಯಲ್ಲ.”

“ಉರೀತಿದ್ರೆ ನಮಗ್ಯಾಕೆ ಬರ್ತಿಲ್ಲ? ಬಾಣಂತಿ ಕೊಳವೆ ಗೋಡೆ ಹತ್ರ ಸುಡ್ತದೆ, ಕೋಣೆ ಒಳಗಿರೋ ಅದರ ನಾಕು ಗೇಣು ಮಾತ್ರ ಮಂಜುಗಡ್ಡೆ. ಮಂಚ ಇರೋದೇ ಅಲ್ಲಿ. ಅಡಿಗೆಮನೆ ಕೊಳವೇಲಿ ನೀರು ಕಾಯಿಸಿ ಚೊಂಬಿಗೆ ತುಂಬಿ ಮಗೂ ಪಕ್ಕ ಇಡ್ತಿದೀವಿ. ಎಷ್ಟೂಂತ ಇಡೋದು? ಮಗೂ ಕಾಲು ನೀಲಿಗಟ್ತಿದೆ.”

ಕಡೆಯ ನಾಲ್ಕು ಗೇಣು. ನನ್ನ ಎದೆಯ ಆ ಒಂದು ಉಸಿರು, ಏನೂ ಇಲ್ಲದ ಕೊಳವೆಯೊಳಗೆ ಮೈಚಾಚಿ ಮಲಗಿತ್ತು. ಅದು ಸರಿಯಾಗಿ ನಾನು ಕಳಿಸಬೇಕೆಂದ ಜಾಗಕ್ಕೇ ಹೋಗಿ, ಮೊಮ್ಮಗಳ ಮಂಚದ ಕೆಳಗೇ ಕೂತು, ನಾವು ಉರಿಸಿದ್ದನ್ನೆಲ್ಲ ಬಾಗಿಲಲ್ಲೇ ತಡೆಯುತ್ತಿತ್ತು.

ನಾನು ಹೇಳಲಿಲ್ಲ. ಊರಿಗೆಲ್ಲ ಮಾತಾಡುವವಳಿಗೆ ಅವತ್ತು ಬಾಯಿ ಬರಲಿಲ್ಲ. ನಮ್ಮನೆಯವರು ಇನ್ನಷ್ಟು ಕೊರಡು ಹಾಕಿದರು. ಉರಿ ಜೋರಾದಾಗ ತಣ್ಣನೆಯ ಭಾಗ ಎರಡು ಗೇಣಿಗೆ ಕುಗ್ಗುತ್ತದಂತೆ, ಇಳಿಸಿದರೆ ಮತ್ತೆ ನಾಲ್ಕು. ಎರಡು ದಿನ ಅವರು ಒಲೆಯಿಂದ ಗೆರೆಬೀದಿಯ ತನಕ ಕೊಳವೆಯ ಮೇಲೆ ಅಂಗೈ ಆಡಿಸುತ್ತಾ, ಒಂದೊಂದೇ ಬೆಸುಗೆಯನ್ನು ಮೂಸಿ, ಕಿವಿಗೊಟ್ಟು ನೋಡಿದರು. ಮೂರನೆಯ ದಿನ ಬೆಳಿಗ್ಗೆ ಜಗಲಿಗೆ ಬಂದು ಕೂತು ತಲೆ ತಗ್ಗಿಸಿದರು.

“ತಪ್ಪು ನಂದೇ,” ಎಂದರು. “ಬೆಸುಗೆ ಎಲ್ಲೋ ಗಾಳಿ ಎಳೀತಿದೆ. ನನ್ನ ಕೈ ಸೋತಿದೆ. ಮಗೂಗೇನಾದ್ರೂ ಆದ್ರೆ ನಾನು ಮತ್ತೆ ಸುತ್ತಿಗೆ ಹಿಡಿಯಲ್ಲ.”

ಅಷ್ಟುದ್ದ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ. ತಡೆಯಲಾಗಲಿಲ್ಲ. ಅವರ ಕಾಲ ಹತ್ತಿರ ಕೂತು ಎಲ್ಲ ಹೇಳಿಬಿಟ್ಟೆ. ಬೈಯಲಿ, ಎತ್ತಿ ಹೊಡೆಯಲಿ ಎಂದು ಕಾದೆ. ಅವರು ನನ್ನ ಬಾಯಿಯ ಕಡೆ ನೋಡಿದರು.

“ತುಟಿ ಅದಕ್ಕೇ ಸುಟ್ಟಿತ್ತಾ?”

“ಹೂಂ.”

“ನಾನೂ ಅವತ್ತು ಬೆಳಿಗ್ಗೆ, ಯಾರೂ ಬರೋಕೆ ಮುಂಚೆ, ಕೊಳವೆ ಒಳಗೆ ಕನಕೀ ಅಂತ ಕೂಗಿದ್ದೆ,” ಎಂದರು. “ನೀರು ಹಾಕೋಕೆ ಮುಂಚೆ ಕೂಗಿದ್ದು. ಅದೆಲ್ಲ ಹಬೆ ಜತೇಲಿ ಹೊರಗೆ ಹೋಗಿರ್ತದೆ.”

ನನಗೆ ಅಳು ಬಂತು, ಜತೆಗೆ ನಗುವೂ ಬಂತು. ಮೂವತ್ತು ವರ್ಷ ಒಟ್ಟಿಗೆ ಬಾಳಿದವರು, ಒಂದೇ ಕೊಳವೆಯ ಎರಡು ತುದಿಯಲ್ಲಿ ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಒಂದೇ ಕಳ್ಳತನ ಮಾಡಿದ್ದೆವು. ಅವರದು ಸರಿಯಾದ ಹೊತ್ತಿಗೆ ಆಗಿತ್ತು, ನನ್ನದು ಕೆಟ್ಟ ಹೊತ್ತಿಗೆ.

ಉಸಿರನ್ನು ತೆಗೆಯುವ ದಾರಿ ಒಂದೇ. ಕೆಳಗೆ ಉರಿ ಏರಿಸಿ ಹಬೆಗೆ ಹೊರಗಿನ ಗಾಳಿಗಿಂತ ಹೆಚ್ಚಿನ ಬಲ ಬರಿಸಬೇಕು. ಆಗ ಮೇಲಿನ ತುದಿಯನ್ನು ತೆರೆದರೆ ಉಸಿರು ಹೊರಗೆ ಹಾರುತ್ತದೆ. ಅದು ಹೋಗಿ ನುಣ್ಣನೆಯ ಸದ್ದು ಬಂದ ಗಳಿಗೆಗೆ ಮತ್ತೆ ಹಿಸುಕಬೇಕು. ಉರಿ ಸಾಲದೆ ತೆರೆದರೆ ಕೊಳವೆ ಕೋಣೆಯ ಗಾಳಿಯನ್ನೆಲ್ಲ ನುಂಗಿ ಸತ್ತೇಹೋಗುತ್ತದೆ. ಕಿತ್ತು ಕೆಳಗೆ ತರೋಣವೆಂದರೆ ಬೀಗರ ಕಲ್ಲುಗೋಡೆ ಒಡೆಯಬೇಕು, ಎಂಟು ದಿನದ ಕೆಲಸ. ಮಗುವಿಗೆ ಎಂಟು ದಿನವಿರಲಿಲ್ಲ. ಕಲಿಯಲು ಬಂದವರು ಎಷ್ಟೇ ಇರಲಿ, ಆ ಸದ್ದು ಕಿವಿಗೆ ಹತ್ತಿದವರು ಊರಿನಲ್ಲಿ ನನ್ನ ಬಿಟ್ಟರೆ ಇಬ್ಬರೇ. ಒಬ್ಬಳಿಗೆ ಕಿವಿ ಮಂದ, ಇನ್ನೊಬ್ಬಳಿಗೆ ಮನೆಯಲ್ಲಿ ಮೂರು ಸಣ್ಣ ಮಕ್ಕಳು. ನನ್ನ ತಪ್ಪಿಗೆ ನಿನ್ನ ಒಲೆ ಆರಿಸಿಕೋ ಎಂದು ಯಾರನ್ನು ಕೇಳಲಿ? ಮಾಡಿದ್ದುಣ್ಣೋ ಮಹಾರಾಯ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

“ನಾನು ಹೋಗ್ತೀನಿ ಕಣ್ರೀ,” ಎಂದೆ.

ಅವರು ಬೇಡ ಎನ್ನಲಿಲ್ಲ. ಬೇಡ ಎನ್ನಲಿ ಎಂದು ನನಗೆ ಒಳಗೊಳಗೇ ಆಸೆಯಿತ್ತು. ಎದ್ದು ಹೋಗಿ ಸೌದೆಮನೆಯ ಬಾಗಿಲು ತೆಗೆದರು. ಒಣಗಿದ ಹುಣಸೆ ಕೊರಡುಗಳನ್ನೇ ಆರಿಸಿ ಒಲೆಯ ಪಕ್ಕ ಪೇರಿಸತೊಡಗಿದರು.

“ಎಷ್ಟು ಹೊತ್ತಿಗೆ?” ಎಂದು ಕೇಳಿದರು.

“ನಡುಮಧ್ಯಾಹ್ನಕ್ಕೆ ತೆರೀತೀನಿ. ಅಷ್ಟು ಹೊತ್ತಿಗೆ ಉರಿ ಜಗ್ಗಬಾರದು.”

“ಜಗ್ಗಲ್ಲ.”

ನಾನು ಇಕ್ಕಳ, ಅರಗಿನ ಉಂಡೆ, ಎರಡು ಸೀರೆ ಗಂಟು ಕಟ್ಟಿಕೊಂಡೆ. ಅಡಿಗೆಮನೆಗೆ ಹೋಗಿ ಒಲೆಯ ಮುಂದೆ ಸ್ವಲ್ಪ ಹೊತ್ತು ಕೂತೆ. ಅವತ್ತು ಅನ್ನಕ್ಕಿಟ್ಟಿದ್ದೆ, ಸಾರು ಮಾಡಿರಲಿಲ್ಲ. ಸಾರಿನ ಪುಡಿ ಯಾವ ಡಬ್ಬಿಯಲ್ಲಿದೆ ಎಂದು ತೋರಿಸಿದೆ. ಉಪ್ಪು ಆಮೇಲೆ ಹಾಕಿ ಎಂದೆ. ಅವರು ಹೂಂ ಎಂದರು. ಬಾಗಿಲಲ್ಲಿ ಅವರ ಕೈ ಹಿಡಿದುಕೊಂಡೆ, ಗೆಣ್ಣೆಲ್ಲ ಗಂಟುಗಟ್ಟಿದ್ದ ಬಡಿಗೆಯಂಥ ಕೈ. ಇನ್ನು ಮುಟ್ಟುವ ಹಾಗಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಹೀಗೇ ನಿಂತರೆ ಹೊತ್ತಾಗುತ್ತದೆ ಎಂದು ಅವರೇ ಕೈ ಬಿಡಿಸಿಕೊಂಡರು.

ಗೆರೆ ದಾಟಿದಾಗ ಏನೂ ಆಗಲಿಲ್ಲ. ಸಿಡಿಲು ಬಡಿಯುತ್ತದೆ ಎಂದೇನೋ ಎಣಿಸಿದ್ದೆ. ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಕಾಲಿಟ್ಟೆ, ಅಷ್ಟೇ. ಹಿಂತಿರುಗಿ ನೋಡಲಿಲ್ಲ. ಗಂಟನ್ನು ಕಂಕುಳಿಗೆ ಅವಚಿಕೊಂಡು ಮೆಟ್ಟಿಲು ಹತ್ತಿದೆ.

ಕನಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮೂರು ಕಂಬಳಿ ಹೊದ್ದಿದ್ದರೂ ನಡುಗುತ್ತಿದ್ದಳು. ಮಗು ಅವಳ ಎದೆಯ ಮೇಲೆ ಒಂದು ಬಟ್ಟೆಯ ಗಂಟಿನ ಹಾಗಿತ್ತು. ನನ್ನನ್ನು ನೋಡಿ ಕನಸೆಂದುಕೊಂಡಳೋ ಏನೋ, ಮಿಕಮಿಕ ನೋಡಿದಳು.

“ಅವ್ವಾ? ನೀನ್ಯಾಕೆ ದಾಟಿದೆ?”

“ಕೊಳವೇಲಿ ಗಾಳಿ ಉಳಿದಿದೆ, ತೆಗೀಬೇಕು.”

“ನೀನು ಗಾಳಿ ಬಿಟ್ಯಾ? ನೀನು?”

ಕಮ್ಮಟದಲ್ಲೇ ಬೆಳೆದ ಹುಡುಗಿ, ಅವಳಿಗೆ ಬೇರೆ ಹೇಳಬೇಕಾಗಿರಲಿಲ್ಲ. ನನ್ನ ತುಟಿಯ ಮೇಲಿನ ಹಕ್ಕಳೆಯನ್ನು ನೋಡಿದಳು, ಮಂಚದ ಕೆಳಗೆ ನೋಡಿದಳು, ಮತ್ತೆ ನನ್ನನ್ನು ನೋಡಿದಳು. “ಥೂ, ಹುಚ್ಚಿ,” ಎಂದು ಅಳತೊಡಗಿದಳು. ನಾನು ಅವಳ ಹಣೆ ಮುಟ್ಟಿದೆ. ಆರು ವರ್ಷದ ಮೇಲೆ ಮುಟ್ಟಿದ ಹಣೆ, ಜ್ವರದಿಂದ ಸುಡುತ್ತಿತ್ತು.

ಮಂಚ ಸರಿಸಿ ನೆಲದಲ್ಲಿ ಕೂತೆ. ಹೊತ್ತು ನೆತ್ತಿಗೆ ಬರುತ್ತಿತ್ತು. ಕೊಳವೆಯ ಮೇಲೆ ಅಂಗೈಯಿಟ್ಟೆ. ಗೋಡೆಯ ಹತ್ತಿರ ಬಿಸಿ, ಆಮೇಲೆ ಒಮ್ಮೆಲೇ ತಣ್ಣಗೆ, ಗೆರೆ ಎಳೆದ ಹಾಗೆ. ನೋಡನೋಡುತ್ತಿದ್ದಂತೆ ಆ ಬಿಸಿ ಮುಂದಕ್ಕೆ ಬಂತು. ಮೂರು ಗೇಣು, ಎರಡು ಗೇಣು, ಒಂದು ಗೇಣು. ಕೆಳಗೆ ಹುಣಸೆ ಕೊರಡು ಹತ್ತಿಕೊಂಡಿದ್ದು, ಇವರು ಪಂಚೆ ಮೇಲೆ ಕಟ್ಟಿ ಊದುಗೊಳವೆ ಹಿಡಿದು ಕೂತಿದ್ದು, ಬೆವರನ್ನು ಮೊಣಕೈಯಿಂದ ಒರೆಸಿಕೊಂಡಿದ್ದು ಎಲ್ಲ ನನ್ನ ಅಂಗೈಗೆ ಗೊತ್ತಾಗುತ್ತಿತ್ತು. ಇಷ್ಟು ವರ್ಷ ಒಲೆಯ ಮುಂದೆ ಕೂತಿದ್ದವಳು ಈ ತುದಿ ಹೇಗಿರುತ್ತದೆ ಎಂದು ಕಂಡಿರಲಿಲ್ಲ. ಕೊಳವೆಯ ಮೇಲೆ ನೀರು ಚಿಮುಕಿಸಿದೆ. ಚುರ್ ಎಂದಿತು. ಆದರೂ ತೆರೆಯಲು ಕೈ ಬರಲಿಲ್ಲ. ಕೆಳಗೆ ಒಂದು ಗಳಿಗೆ ಉರಿ ಜಗ್ಗಿದರೆ ಎಲ್ಲ ಮುಗಿಯಿತು, ಕೂಗಿ ಕೇಳೋಣವೆಂದರೆ ನಲವತ್ತೊಂದು ಮಾರು.

ಜಗ್ಗಲ್ಲ ಎಂದಿದ್ದಾರಲ್ಲ ಎಂದುಕೊಂಡು ಬಾಯಿ ಬಿಡಿಸಿದೆ. ಉಸ್ಸೆಂದು ಒರಟಾಗಿ ಬಂತು. ನನ್ನದೇ ಉಸಿರು ನನ್ನ ಮುಖಕ್ಕೆ ಬಡಿಯಿತು. ಏನೋ ಇರುತ್ತದೆ ಎಂದುಕೊಂಡಿದ್ದೆ, ತಾಮ್ರದ ಕಿಲುಬಿನ ವಾಸನೆ ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ. ಮೂರು ಎಣಿಸುವಷ್ಟರಲ್ಲಿ ಸದ್ದು ನುಣ್ಣಗಾಯಿತು. ಹಿಸುಕಿದೆ. ಅರಗು ಕರಗಿಸಲು ಬೆಂಕಿ ಬೇಕಾಗಲಿಲ್ಲ, ಕೊಳವೆಯ ತುದಿಯೇ ಅಷ್ಟು ಕಾದಿತ್ತು. ನನ್ನ ಎರಡು ಬೆರಳು ಸುಟ್ಟವು. ಕನಕಿ ಮಂಚದಿಂದ ಬಗ್ಗಿ ಆ ಬೆರಳುಗಳನ್ನು ಹಿಡಿದುಕೊಂಡು ಊದಿದಳು.

ಸಂಜೆಯ ಹೊತ್ತಿಗೆ ಕೋಣೆ ಬೆಚ್ಚಗಾಯಿತು. ಮಗುವಿನ ಕಾಲಿಗೆ ಬಣ್ಣ ಬಂತು. ಮಾರನೆಯ ಬೆಳಿಗ್ಗೆ ಅದು ಅಳುವುದನ್ನು ಕೇಳಿ ಶಾಂತವೀರಮ್ಮ, “ಅಜ್ಜಿ ಗಂಟಲೇ ಬಂದಿದೆ ಬಿಡಿ,” ಎಂದಳು. ಅವಳ ಮಾತಿಗೆ ಮಾತು ಕೊಡಲು ನನಗೂ ಆಗ ಶಕ್ತಿ ಬಂದಿತ್ತು.

ಇದಾಗಿ ನಾಲ್ಕು ವರ್ಷ. ಮೊಮ್ಮಗಳು ಓಡಾಡುತ್ತಾಳೆ. ನಾನು ಬೀಗರ ಮನೆಯಲ್ಲಿ, ಕನಕಿ ಬಾಣಂತಿಯಾಗಿ ಮಲಗಿದ್ದ ಮೂಲೆಯ ಕೋಣೆಯಲ್ಲೇ, ಮೊಮ್ಮಗಳ ಜತೆ ಇದ್ದೇನೆ. ಮೇಲಿನ ಕೇರಿಯಲ್ಲಿ ಯಾರದಾದರೂ ಕೊಳವೆ ಗಾಳಿ ಹಿಡಿದರೆ ನನ್ನನ್ನು ಕರೆಯುತ್ತಾರೆ. ಬೆಂಕಿಯಿಲ್ಲದೆ ಬಾಯಿ ಮುಚ್ಚುವುದು ಈಗ ನನಗೆ ಅಭ್ಯಾಸವಾಗಿದೆ. ಮಗಳು ಸಿಕ್ಕಳು, ನಿಜ. ದಿನಾ ಅವ್ವಾ ಎಂದು ಕರೆಯುತ್ತಾಳೆ, ತಲೆ ಬಾಚುತ್ತಾಳೆ. ಒಂದು ಕೈಗೆ ಸಿಕ್ಕಿತು, ಇನ್ನೊಂದು ಕೈಯಿಂದ ಹೋಯಿತು. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ನನ್ನ ಕೈ ಕೊಳವೆಗೆ ಹೋಗುತ್ತದೆ. ಇವರು ಎದ್ದರು. ಹಲ್ಲುಜ್ಜಿ ಬಂದು ಒಲೆ ಹಚ್ಚಿದರು. ಇವತ್ತು ಹಸಿ ಸೌದೆ, ಪಾಪ, ಹೊಗೆ ಕುಡಿದಿರುತ್ತಾರೆ. ಇವತ್ತು ಬೇಗ ಆರಿಸಿದರು, ಮತ್ತೆ ಗಂಜಿ ಕುಡಿದೇ ಮಲಗಿದರು. ಎಲ್ಲ ಗೊತ್ತಾಗುತ್ತದೆ. ನನ್ನದು ಏನೂ ಅವರಿಗೆ ಹೋಗುವುದಿಲ್ಲ. ಕೊಳವೆಯನ್ನು ತಬ್ಬಿಕೊಂಡು ಮಲಗಿದರೂ ಕೆಳಗೆ ಹೋಗುವುದು ಬರೀ ತಣ್ಣೀರು.

ಅವರೇ ಗೆರೆ ದಾಟಿ ಬಂದುಬಿಡಲಿ ಎಂದು ಎಷ್ಟು ಸಲ ಅನ್ನಿಸಿದೆ. ಬಂದರೆ ಆ ಒಲೆ ಹಚ್ಚುವವರಿಲ್ಲ. ಮಗಳ ಮನೆ, ಮೊಮ್ಮಗಳ ಹಾಸಿಗೆ, ಎರಡೂ ತಣ್ಣಗಾಗುತ್ತವೆ. ಅದಕ್ಕೇ ಅವರು ಬರುವುದಿಲ್ಲ, ಅದಕ್ಕೇ ನಾನು ಕರೆಯುವುದಿಲ್ಲ. ಸಂಜೆ ಬೀದಿಯ ಆ ಅಂಚಿಗೆ ಬಂದು ನಿಲ್ಲುತ್ತಾರೆ, ನಾನು ಈ ಅಂಚಿನಲ್ಲಿ. ನಾನು ದಿನದ ಸುದ್ದಿಯೆಲ್ಲ ಒಪ್ಪಿಸುತ್ತೇನೆ. ಅವರು ಕೇಳುವುದು ಒಂದೇ ಮಾತು, ಕಾವು ಬರುತ್ತಿದೆಯಾ ಎಂದು. ಬರುತ್ತಿದೆ ಎನ್ನುತ್ತೇನೆ. ತಲೆಯಾಡಿಸಿ ಹೋಗುತ್ತಾರೆ. ಈಚೆಗೆ ಅವರ ಬೆನ್ನು ಬಾಗಿದೆ. ಅಂಗಿಯ ಗುಂಡಿಯೊಂದು ಕಿತ್ತುಹೋಗಿ ಎರಡು ತಿಂಗಳಾಯಿತು, ಹಾಕಿಕೊಂಡಿಲ್ಲ. ಹತ್ತು ಹೆಜ್ಜೆ ದೂರದಿಂದ ಆ ಗುಂಡಿ ಇಲ್ಲದ ಜಾಗ ನೋಡುತ್ತಾ ನಿಂತಿರುತ್ತೇನೆ.

ಈ ಸಲದ ಬೇಸಿಗೆ ಎಲ್ಲಿಲ್ಲದ ಬೇಸಿಗೆ. ಮೇಲಿನ ಕೇರಿಯಲ್ಲೂ ಕಲ್ಲು ಕಾದು ಕಾಲಿಡಲಾಗುತ್ತಿರಲಿಲ್ಲ. ಎಲ್ಲ ತವರುಗಳೂ ಅನ್ನದ ಹೊತ್ತು ಬಿಟ್ಟರೆ ಒಲೆ ಆರಿಸಿದ್ದರು. ನಮ್ಮ ಕೊಳವೆ ಮಾತ್ರ ಮಟಮಟ ಮಧ್ಯಾಹ್ನ, ಅಡಿಗೆಯೂ ಅಲ್ಲ, ಸ್ನಾನವೂ ಅಲ್ಲದ ಹೊತ್ತಿನಲ್ಲಿ, ಕಾಯತೊಡಗಿತು. ದಿನಾ ಅದೇ ಹೊತ್ತಿಗೆ. ಬಾಣಂತಿ ಕೊಳವೆ, ನನ್ನ ಕೋಣೆಗೆ ಬರುವುದು. ಅಳಿಯ ಬೀಸಣಿಗೆ ಹಿಡಿದು ಅಂಗಳಕ್ಕೆ ಹೋದ. ಮೊಮ್ಮಗಳಿಗೆ ಬೆವರುಸಾಲೆ ಎದ್ದಿತು, ಅವಳನ್ನೂ ಅಂಗಳಕ್ಕೆ ಕಳಿಸಿದೆವು. ನಾನೊಬ್ಬಳೇ ಬಾಗಿಲು ಹಾಕಿಕೊಂಡು, ಬೆವರುತ್ತಾ, ಅದಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದೆ.

ಕೊನೆಗೆ ಕನಕಿ ಹೇಳಿದಳು, “ಅವ್ವಾ, ಅಪ್ಪಂಗೆ ಏನಾಗಿದೆ? ಈ ಬಿಸಿಲಲ್ಲಿ ಉರಿ ಮುಂದೆ ಕೂತು ಸಾಯ್ತಾನೆ. ಇವತ್ತು ಹೋಗಿ ಹೇಳು, ಸಾಕು ನಿಲ್ಸು ಅಂತ.”

ಹೇಳುತ್ತೇನೆ ಎಂದು ಸಂಜೆ ಹೋದೆ. ನಿಲ್ಲಿಸಿ, ಮೈ ಕೆಡಿಸಿಕೊಳ್ಳಬೇಡಿ ಎಂದು ಹೇಳಲೇಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಅವರು ಆಗಲೇ ಬಂದು ನಿಂತಿದ್ದರು. ಮುಖ ಒಲೆಯ ಝಳಕ್ಕೆ ಕಪ್ಪಾಗಿತ್ತು, ಹುಬ್ಬಿನ ಮೇಲೆ ಬೂದಿ ಇತ್ತು.

“ಕಾವು ಬರ್ತಿದೆಯಾ?” ಎಂದು ಕೇಳಿದರು.

ನನ್ನ ಸೀರೆ ಬೆನ್ನಿಗೆ ಅಂಟಿತ್ತು. ಕತ್ತಿನಿಂದ ಬೆವರು ಇಳಿಯುತ್ತಿತ್ತು.

“ಸಾಲದು ಕಣ್ರೀ,” ಎಂದೆ. “ನಾಳೆ ಇನ್ನೊಂದು ಕೊರಡು ಹಾಕಿ.”